ಹಡಗಿನಿಂದ ಇಳಿದು ಕಾಂಡ್ಲಾ ಕಾಡು ನೋಡಲು ಹೊರಟವರಿಗೆ

ಅಕ್ಕ, ಭಾವ ಕ್ರೂಸ್‌ನಲ್ಲಿ ಬಂದಿದ್ದರು. ಹಡಗು ಮಂಗಳೂರಿನ ಪಣಂಬೂರು ಬಂದರಿನಲ್ಲಿ ಒಂದೇ ಹಗಲು ನಿಲ್ಲುವುದು. ಸಂಜೆ ಐದಕ್ಕೆ ಹೊರಡುತ್ತದೆ, ನಾಲ್ಕಕ್ಕೆಲ್ಲ ಒಳಗಿರಬೇಕು. ಅಲ್ಲಿಂದ ಕಾಸರಗೋಡು ಬದಿಯ ನಮ್ಮ ಕುಂಬಳೆಗೆ ಸುಮಾರು 50 ಕಿಲೋಮೀಟರ್. ಊರಿನ ಹೊಳೆಬದಿಯ ಕಾಂಡ್ಲಾ, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು, ತೋರಿಸೋಣ ಅಂತ ನಾನೇ ಒಂದು 'ಪ್ರಕೃತಿ ನಡಿಗೆ' ಬುಕ್ ಮಾಡಿದೆ. ತಲೆಗೆ 1,800 ರೂಪಾಯಿ, ಹತ್ತೇ ಜನ, ಜೊತೆಗೆ ತಿಳಿದ ಗೈಡ್ ಅಂದಿದ್ದರು.

ಹೋಗಿ ನೋಡಿದರೆ ಇಪ್ಪತ್ತಾರು ಜನ! ಗೈಡ್ ಕೈಯಲ್ಲಿ ಮೈಕು. ಅದು ಕೂಗಿದ ಕೂಡಲೇ ಇದ್ದ ಎರಡು ಕೊಕ್ಕರೆಗಳೂ ಹಾರಿಹೋದವು.

ಅದಾದರೂ ಸಹಿಸಬಹುದಿತ್ತು. ಅವತ್ತು ಹುಣ್ಣಿಮೆಯ ಮರುದಿನ, ನಾವು ಹೋದದ್ದು ಹನ್ನೊಂದೂವರೆಗೆ. ಸಮುದ್ರದ ಉಬ್ಬರಕ್ಕೆ ಹೊಳೆ ತುಂಬಿ ನಿಂತಿತ್ತು. ಕಾಂಡ್ಲಾ ನೋಡಬೇಕಾದದ್ದು ನೀರು ಇಳಿದಾಗ ಅಲ್ವಾ? ಕೆಸರಿನಿಂದ ಬೆರಳಿನ ಹಾಗೆ ಮೇಲೆದ್ದು ಉಸಿರಾಡುವ ಬೇರು, ಒಂದೇ ದೊಡ್ಡ ಕೊಂಡಿ ಬೀಸುವ ಗಂಡು ಏಡಿ, ಕೆಸರಲ್ಲಿ ಕುಪ್ಪಳಿಸುವ ಮೀನು, ಎಲ್ಲಾ ನೀರಿನಡಿ. ಕಂಡದ್ದು ಎಲೆ ಮತ್ತು ತೇಲುವ ಪ್ಲಾಸ್ಟಿಕ್ ಬಾಟಲಿ. ದೋಣಿ ಕಟ್ಟುತ್ತಿದ್ದ ಅಜ್ಜ ಒಬ್ಬರು ನಕ್ಕರು: "ಈ ಹೊತ್ತಿಗೆ ಯಾಕೆ ಬಂದಿರಿ ಮಾರಾಯ್ರೆ?"

ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ 'ದಿನಾ ಹನ್ನೊಂದೂವರೆಗೆ ನಡಿಗೆ' ಅಂತ ಯಾರಾದರೂ ಹೇಳಿದರೆ ಅಲ್ಲೇ ಸಂಶಯಪಡಿ. ಬುಕ್ ಮಾಡುವ ಮೊದಲು ಆ ದಿನದ ಇಳಿತ ಎಷ್ಟಕ್ಕೆ ಅಂತ ಕೇಳಿ. ತಡವರಿಸಿದರೆ ಬಿಟ್ಟುಬಿಡಿ.

ಆಮೇಲೆ ಮುಕ್ಕಾಲು ಗಂಟೆ ಗೋಡಂಬಿ ಅಂಗಡಿಯಲ್ಲಿ ಹೋಯಿತು, ಅದು ಪಟ್ಟಿಯಲ್ಲೇ ಇರಲಿಲ್ಲ. ಹೊರಟಾಗ ಎರಡೂಕಾಲು. ಹೆದ್ದಾರಿಯಲ್ಲಿ ವಾಹನಗಳ ಸಾಲು, ತಲಪಾಡಿ ಟೋಲಿನಲ್ಲಿ ಇನ್ನೊಂದು ಸಾಲು. ಅಕ್ಕ ಗಡಿಯಾರ ನೋಡುವುದು, ಭಾವ ಅಕ್ಕನ ಮುಖ ನೋಡುವುದು. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಹೊರಗೆ ನಾವೇ ಬುಕ್ ಮಾಡಿದ್ದಕ್ಕೆ ಕಾಯುವುದಿಲ್ಲ. ಇದು ನನಗೆ ಗೊತ್ತಾದದ್ದು ಪಂಪ್‌ವೆಲ್ ಹತ್ತಿರ, ಭಾವನ ಬಾಯಿಂದ! ಗೇಟು ತಲುಪಿದಾಗ ನಾಲ್ಕಕ್ಕೆ ಆರು ನಿಮಿಷ ಇತ್ತು. ಅಕ್ಕನಿಗೆ ಅಂತ ಕಟ್ಟಿಸಿದ್ದ ಪತ್ರೊಡೆ ಡಬ್ಬಿ ಕಾರಲ್ಲೇ ಉಳಿಯಿತು.

ಮರುದಿನ ನಡಿಗೆ ಏರ್ಪಡಿಸಿದವನಿಗೆ ಫೋನ್ ಮಾಡಿ ಅರ್ಧ ಹಣವಾದರೂ ಕೊಡಿ ಅಂದೆ.

"ಉಬ್ಬರ ಇಳಿತ ಎಲ್ಲ ನಮ್ಮ ಕೈಲಿ ಉಂಟಾ ಸಾರ್?" ಅಂದ.