ಲೆನ್ನನ್ ಮಾತು: ಸಿ.ಡಿ. ತಗೊಂಡು ಕೆಟ್ಟೆ, ಪುಸ್ತಕ ತಗೊಂಡು ಗೆದ್ದೆ

ಮೊದಲೇ ಹೇಳಿಬಿಡುತ್ತೇನೆ. ಬೀಟಲ್ಸ್ ಬ್ಯಾಂಡಿನ ಜಾನ್ ಲೆನ್ನನ್ ಕೊಟ್ಟ ಹಳೇ ಸಂದರ್ಶನಗಳಲ್ಲಿ ಒಂದನ್ನು ಮಾತ್ರ ಇಟ್ಟುಕೋ ಅಂದರೆ ನಾನು 1980ರ ಪ್ಲೇಬಾಯ್ ಪತ್ರಿಕೆಯ ಸಂದರ್ಶನದ ಪುಸ್ತಕ ಇಟ್ಟುಕೊಳ್ಳುತ್ತೇನೆ. ಉಳಿದದ್ದನ್ನು ಯಾರಾದರೂ ಕೇಳಿದರೆ ಕೊಡುತ್ತೇನೆ. ಸಿ.ಡಿ.ಯನ್ನಂತೂ ಕೇಳದಿದ್ದರೂ ಕೊಡುತ್ತೇನೆ.

ಹುಚ್ಚು ಶುರುವಾಗಿದ್ದೇ ಆ ಸಿ.ಡಿ.ಯಿಂದ. ಹಳೇ ಮಾಲು ಮಾರುವವರೊಬ್ಬರು ಆನ್‌ಲೈನಲ್ಲಿ ಹಾಕಿದ್ದರು. ಲೆನ್ನನ್‌ನ ಅಪರೂಪದ ಸಂದರ್ಶನಗಳಂತೆ, ಹೊರದೇಶದ ಡಿಸ್ಕಂತೆ. ಕೊರಿಯರ್ ಸೇರಿ 900 ರೂಪಾಯಿ. ಬೀಟಲ್ಸ್ ಹಾಡು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ, ಆ ಮನುಷ್ಯ ಮಾತಾಡಿದ್ದನ್ನು ಒಂದು ದಿನವೂ ಕೂತು ಕೇಳಿಲ್ಲವಲ್ಲ ಅನ್ನಿಸಿ ತರಿಸಿಬಿಟ್ಟೆ.

ಪ್ಯಾಕೆಟ್ ಬಿಚ್ಚಿದ ಮೇಲೆ ಹೊಳೆಯಿತು, ಮನೆಯಲ್ಲಿ ಸಿ.ಡಿ. ಹಾಕುವುದಕ್ಕೆ ಏನೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲ. ಹಳೇ ಡಿವಿಡಿ ಪ್ಲೇಯರನ್ನು ಅಮ್ಮ ಯಾವತ್ತೋ ಗುಜರಿಯವನಿಗೆ ಹಾಕಿಬಿಟ್ಟಿದ್ದರು. ಕೊನೆಗೆ ಸಿಕ್ಕಿದ್ದು ಭಾವನ ಹಳೇ ಕಾರು. ಅದರಲ್ಲಿ ಇನ್ನೂ ಸಿ.ಡಿ. ಪ್ಲೇಯರ್ ಇದೆ. ಭಾನುವಾರ ಮಧ್ಯಾಹ್ನ, ಅವರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟು, ನಿಂತ ಕಾರಿನಲ್ಲಿ ನಾನೊಬ್ಬನೇ. ಅರ್ಧ ಗಂಟೆ ಆದ ಮೇಲೆ ವಾಚ್‌ಮನ್ ಬಂದು ಗಾಜು ತಟ್ಟಿದ. "ಸಾರ್, ಮನೇಲಿ ಏನಾದ್ರೂ ಜಗಳಾನಾ?"

ಸದ್ದು ಚೆನ್ನಾಗಿತ್ತು, ಅದರ ಬಗ್ಗೆ ತಕರಾರಿಲ್ಲ. ತಕರಾರು ಒಂದೇ. ತಾರೀಕು ಇಲ್ಲ. ಕವರಿನ ಮೇಲಿಲ್ಲ, ಒಳಗಿನ ಚೀಟಿಯಲ್ಲಿಲ್ಲ, ಡಿಸ್ಕಿನ ಮೇಲೂ ಇಲ್ಲ. ಟ್ರ್ಯಾಕ್ 1, ಟ್ರ್ಯಾಕ್ 2, ಹೀಗೇ 14ರ ತನಕ. ಯಾವ ಊರು, ಯಾವ ವರ್ಷ, ಕೇಳುತ್ತಿರುವವರು ಯಾರು, ಒಂದೂ ಗೊತ್ತಾಗುವುದಿಲ್ಲ. ಎಷ್ಟೋ ಕಡೆ ಪ್ರಶ್ನೆಯನ್ನೇ ಕತ್ತರಿಸಿ ಬರೀ ಉತ್ತರ ಇಟ್ಟಿದ್ದಾರೆ.

ಇದೇನು ಮಹಾ ಅಂತ ನಿಮಗೆ ಅನ್ನಿಸಬಹುದು. ಮೊದಲ ಮೂರು ಟ್ರ್ಯಾಕ್ ಮುಗಿಯುವ ತನಕ ನನಗೂ ಹಾಗೇ ಅನ್ನಿಸಿತ್ತು. ನಾಲ್ಕನೆಯದರಲ್ಲಿ ಜನ ತುಂಬಿದ ಕೋಣೆ, ಕ್ಯಾಮೆರಾಗಳ ಸದ್ದು. ಯಾವಾಗಲೂ ಪಟಪಟ ಮಾತಾಡುವ ಲೆನ್ನನ್ ತಡವರಿಸುತ್ತಿದ್ದಾನೆ. ತಾನು ದೇವರಿಗೆ ವಿರೋಧಿಯಲ್ಲ, ಧರ್ಮಕ್ಕೆ ವಿರೋಧಿಯಲ್ಲ ಅಂತ ಏನೋ ಸಮಜಾಯಿಷಿ. ಯಾಕೆ, ಯಾರಿಗೆ? ಡಿಸ್ಕ್ ಹೇಳುವುದಿಲ್ಲ. ಕಾರಿನಲ್ಲೇ ಫೋನ್ ತೆಗೆದು ಹುಡುಕಿದೆ. 1966ರ ಆಗಸ್ಟ್ 11, ಶಿಕಾಗೊ.

ಆ ಕಥೆ ಗೊತ್ತಿದ್ದರೆ ಮಾತ್ರ ಆ ತಡವರಿಕೆಗೆ ಬೆಲೆ. ಅದೇ ವರ್ಷ ಮಾರ್ಚ್ 4ರಂದು ಲಂಡನ್ನಿನ ಈವ್ನಿಂಗ್ ಸ್ಟ್ಯಾಂಡರ್ಡ್‌ನಲ್ಲಿ ಮಾರೀನ್ ಕ್ಲೀವ್ ಅವನ ಮನೆಗೆ ಹೋಗಿ ಬಂದು ಒಂದು ಲೇಖನ ಬರೆದಿದ್ದರು. ತಾವು ಈಗ ಏಸುವಿಗಿಂತ ಜಾಸ್ತಿ ಜನಪ್ರಿಯರು ಅಂತ ಲೆನ್ನನ್ ಅದರಲ್ಲಿ ಹೇಳಿದ್ದ. ಇಂಗ್ಲೆಂಡಿನಲ್ಲಿ ಓದಿದವರು ಪುಟ ತಿರುಗಿಸಿ ಸುಮ್ಮನಾದರು. ಐದು ತಿಂಗಳಾದ ಮೇಲೆ ಡೇಟ್‌ಬುಕ್ ಅನ್ನುವ ಅಮೆರಿಕದ ಪತ್ರಿಕೆ ಅದೇ ಮಾತನ್ನು ಎತ್ತಿ ಹಾಕಿತು. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ರೇಡಿಯೊದವರು ಹಾಡು ನಿಲ್ಲಿಸಿದರು, ಹುಡುಗರು ರೆಕಾರ್ಡ್ ರಾಶಿ ಹಾಕಿ ಸುಟ್ಟರು. ಅಂದರೆ ಆ ಗಲಾಟೆ ಆದದ್ದೇ ಒಂದು ಸಂದರ್ಶನದ ತುಂಡನ್ನು ಅದರ ಜಾಗದಿಂದ ಕಿತ್ತು ಬೇರೆ ಕಡೆ ಅಂಟಿಸಿದ್ದರಿಂದ. ಈ ಸಿ.ಡಿ. ಮಾಡಿದವರು 14 ಟ್ರ್ಯಾಕಿನಲ್ಲೂ ಅದನ್ನೇ ಮಾಡಿದ್ದಾರೆ!

ಒಂಬತ್ತನೆಯ ಟ್ರ್ಯಾಕಿನಲ್ಲಿ ಬೀಟಲ್ಸ್‌ನಲ್ಲಿ ಅವನ ಜೊತೆಗಾರನಾಗಿದ್ದ ಪಾಲ್ ಮೆಕಾರ್ಟ್ನಿ ಬಗ್ಗೆ ಒಂದು ಕೊಂಕು ಇದೆ. 1970ರದ್ದಾದರೆ ಅದು ಬ್ಯಾಂಡ್ ಒಡೆದ ಜಗಳದ ಬಿಸಿ. 1980ರದ್ದಾದರೆ ಹಳೇ ಗೆಳೆಯನನ್ನು ಕಿಚಾಯಿಸುವುದು. ಇವತ್ತಿಗೂ ಅದು ಯಾವಾಗಿನದು ಅಂತ ನನಗೆ ಪತ್ತೆಯಾಗಿಲ್ಲ. ಮಾರಿದವರಿಗೆ ಮೆಸೇಜ್ ಹಾಕಿದೆ. "ಡಿಸ್ಕ್ ಓಡ್ತಿದೆ ಅಲ್ವಾ ಸಾರ್, ಮತ್ತೇನು?" ಅಂತ ಬಂತು. ಓಡ್ತಿದೆ, ನಿಜ. ವಾಪಸ್ ಇಲ್ಲ, ದುಡ್ಡೂ ಇಲ್ಲ.

ಆ ಸಿಟ್ಟಿನಲ್ಲಿ ತಾರೀಕು ಪಕ್ಕಾ ಇರುವಂಥದ್ದೇ ಬೇಕು ಅಂತ ಹೊರಟೆ. ಒಬ್ಬ ಗೆಳೆಯನ ಹತ್ತಿರ ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್ ಸಂದರ್ಶನದ ಪುಸ್ತಕ ಇತ್ತು, ಕಡ ತಂದೆ. ಇದರ ತಾರೀಕು 1970ರ ಡಿಸೆಂಬರ್ 8. ಪತ್ರಿಕೆಯ ಸಂಪಾದಕ ಯಾನ್ ವೆನ್ನರ್ ನ್ಯೂಯಾರ್ಕಿನಲ್ಲಿ ಕೂತು ಟೇಪ್ ಮಾಡಿದ್ದು. 1971ರ ಶುರುವಿನಲ್ಲಿ ಪತ್ರಿಕೆಯಲ್ಲಿ ಎರಡು ಕಂತಾಗಿ ಬಂತು. ಅದೇ ವರ್ಷ ಪುಸ್ತಕವೂ ಆಯಿತು. ಪುಸ್ತಕ ಮಾಡುವುದು ಲೆನ್ನನ್‌ಗೆ ಇಷ್ಟವಿರಲಿಲ್ಲ. ಆದರೂ ಮಾಡಿದರು, ಇಬ್ಬರ ಸ್ನೇಹ ಅಲ್ಲಿಗೆ ಕೆಟ್ಟಿತು.

ಓದಿದರೆ ಯಾಕೆ ಬೇಡ ಅಂದ ಅಂತ ಗೊತ್ತಾಗುತ್ತದೆ. ಬೀಟಲ್ಸ್ ಒಡೆದು ಎಂಟು ತಿಂಗಳೂ ಆಗಿಲ್ಲ. ಒಳಗಿನ ನೋವನ್ನೆಲ್ಲ ಕಿರುಚಿ ಹೊರಹಾಕಿಸುವ ಆರ್ಥರ್ ಜಾನೋವ್ ಅವರ ಚಿಕಿತ್ಸೆ ತಗೊಂಡು ಬಂದಿದ್ದಾನೆ. ಅವನದೇ ಹೊಸ ಆಲ್ಬಮ್ ಇನ್ನು ಮೂರು ದಿನದಲ್ಲಿ ಅಂಗಡಿಗೆ ಬರಬೇಕು. ಕೂತಲ್ಲೇ ಸಿಕ್ಕಸಿಕ್ಕವರಿಗೆ ಬಾರಿಸುತ್ತಾನೆ. ಮೆಕಾರ್ಟ್ನಿಯ ಮೊದಲ ಸೋಲೊ ಆಲ್ಬಮ್ ಕಸ ಅನ್ನುತ್ತಾನೆ. ಬೀಟಲ್ಸ್ ರೆಕಾರ್ಡುಗಳಲ್ಲಿ ಹೆಚ್ಚಿನವನ್ನು ಮಾಡಿಸಿದ ಜಾರ್ಜ್ ಮಾರ್ಟಿನ್ ಬಗ್ಗೆ, ಅವರ ಸಂಗೀತ ಅಂತ ಯಾವುದಿದೆ ಸ್ವಲ್ಪ ಕೇಳಿಸಿ ನೋಡೋಣ ಅನ್ನುತ್ತಾನೆ.

ಋಷಿಕೇಶದ ಕಥೆಯೂ ಇಲ್ಲಿದೆ. 1968ರಲ್ಲಿ ಮಹರ್ಷಿ ಮಹೇಶ ಯೋಗಿಯ ಆಶ್ರಮ ಬಿಟ್ಟು ಹೊರಟಾಗ ಅವರು ಯಾಕೆ ಅಂತ ಕೇಳಿದರಂತೆ. ನೀವು ಅಷ್ಟೆಲ್ಲ ತಿಳಿದವರಾದರೆ ನಿಮಗೇ ಗೊತ್ತಿರಬೇಕು ಅಂದನಂತೆ ಇವನು. ಈ ಪ್ರಸಂಗವನ್ನು ನಾಟಕದ ದೃಶ್ಯದ ಹಾಗೆ ಎಳೆದು ಎಳೆದು ಹೇಳುತ್ತಾನೆ. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಬೆಳಿಗ್ಗೆ ತಲೆ ಭಾರ. ಮದುವೆ ಮನೆಯಲ್ಲಿ ಜಗಳವಾಡಿಕೊಂಡು ಬಂದ ನೆಂಟರ ಪಕ್ಕ ಬಸ್ಸಿನಲ್ಲಿ ಕೂತ ಹಾಗೆ ಇರುತ್ತದೆ, ಕೇಳಲು ಮಜಾ, ಆದರೆ ಇಳಿಯುವ ಸ್ಟಾಪ್ ಬೇಗ ಬರಲಿ ಅನ್ನಿಸುತ್ತದೆ.

ಇದರ ಟೇಪೂ ಕೇಳುವುದಕ್ಕೆ ಸಿಗುತ್ತದೆ. ಪುಟದಲ್ಲಿ ಕಾರಿದ ಹಾಗೆ ಕಂಡ ಎಷ್ಟೋ ಮಾತು, ನನ್ನ ಕಿವಿಗೆ ಟೇಪಿನಲ್ಲಿ ಅಷ್ಟು ಖಾರ ಅನ್ನಿಸಲಿಲ್ಲ. ದನಿಯಲ್ಲಿ ತಮಾಷೆ ಇದೆ. ಅಚ್ಚಿಗೆ ಅದು ಬಂದಿಲ್ಲ.

ಇನ್ನು ನನ್ನ ಪುಸ್ತಕ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ, ಅಡುಗೆ ಪುಸ್ತಕಗಳ ಸಾಲಿನ ಹಿಂದೆ ಸಿಕ್ಕಿತು. 350 ರೂಪಾಯಿ. ಒಂದೇ ತೊಂದರೆ, ಕವರಿನ ಮೇಲೆ ದೊಡ್ಡದಾಗಿ ಪ್ಲೇಬಾಯ್ ಅಂತ ಇದೆ, ಬೆತ್ತಲೆ ಚಿತ್ರಗಳಿಗೆ ಹೆಸರಾದ ಪತ್ರಿಕೆ. ಮನೆಗೆ ಬಂದವನು ಮೊದಲು ಮಾಡಿದ ಕೆಲಸ ಅಂದರೆ ಸ್ಕೂಲ್ ಪುಸ್ತಕಕ್ಕೆ ಹಾಕುವ ಹಾಗೆ ಪೇಪರಿನಲ್ಲಿ ರಟ್ಟು ಹಾಕಿದ್ದು. ರಟ್ಟು ಹಾಕಿದ್ದರಿಂದಲೇ ಅಮ್ಮನಿಗೆ ಅನುಮಾನ ಬಂತು, ಅದು ಬೇರೆ ಮಾತು.

ಡೇವಿಡ್ ಶೆಫ್ ಅನ್ನುವ 24 ವರ್ಷದ ಹುಡುಗ 1980ರ ಸೆಪ್ಟೆಂಬರಿನಲ್ಲಿ ಲೆನ್ನನ್ ಮತ್ತು ಅವನ ಹೆಂಡತಿ ಯೋಕೊ ಓನೊ ಜೊತೆ ವಾರಗಟ್ಟಲೆ ಓಡಾಡಿ ಮಾಡಿದ್ದು ಇದು. ಮನೆಯಲ್ಲಿ, ಸ್ಟುಡಿಯೊದಲ್ಲಿ, ಎಲ್ಲೆಂದರಲ್ಲಿ ಟೇಪ್ ಓಡಿದೆ. ಪತ್ರಿಕೆಯಲ್ಲಿ ಬಂದದ್ದು ಒಂದು ಭಾಗ, ಪುಸ್ತಕದಲ್ಲಿ ಜಾಸ್ತಿ ಇದೆ. ನನಗೆ ಬೇಕಾದ್ದು ಇರುವುದು ಹಿಂದಿನ ಪುಟಗಳಲ್ಲಿ. ಶೆಫ್ ಒಂದೊಂದೇ ಹಾಡಿನ ಹೆಸರು ಹೇಳುತ್ತಾ ಹೋಗುತ್ತಾನೆ. ಲೆನ್ನನ್ ಇದು ನನ್ನದು, ಇದು ಪಾಲ್‌ದು, ಇದರ ನಡುವಿನ ತುಂಡು ಮಾತ್ರ ಅವನದು ಅಂತ ಹೇಳುತ್ತಾ ಹೋಗುತ್ತಾನೆ. ಹೊಲ ಪಾಲು ಮಾಡಿ ಬದು ತೋರಿಸಿದ ಹಾಗೆ.

ನನ್ನ ಅಭ್ಯಾಸಕ್ಕೆ ಇದು ಹೇಳಿ ಮಾಡಿಸಿದ್ದು. ರಾತ್ರಿ ಊಟ ಆದ ಮೇಲೆ ಹಾಸಿಗೆಯಲ್ಲಿ ಪುಸ್ತಕ, ಪಕ್ಕದಲ್ಲಿ ಫೋನು. ಎರಡು ಹಾಡಿನ ಬಗ್ಗೆ ಓದು, ಆ ಎರಡು ಹಾಡು ಕೇಳು, ದೀಪ ಆರಿಸು. 'ಹಿಯರ್, ದೇರ್ ಅಂಡ್ ಎವ್ರಿವೇರ್' ಪೂರ್ತಿ ಪಾಲ್‌ದು, ಬೀಟಲ್ಸ್ ಹಾಡುಗಳಲ್ಲಿ ತನಗೆ ತುಂಬ ಇಷ್ಟವಾದವುಗಳಲ್ಲಿ ಅದೂ ಒಂದು ಅನ್ನುತ್ತಾನೆ. ಹತ್ತು ವರ್ಷದ ಹಿಂದೆ ಕಸ ಅಂದ ಬಾಯೇ ಇದು. ಮಹರ್ಷಿಯ ಮೇಲೆ ಕಟ್ಟಿದ 'ಸೆಕ್ಸಿ ಸೇಡಿ' ಬಂದಾಗ ನಾಟಕವೇನೂ ಇಲ್ಲ. ಗಂಟುಮೂಟೆ ಕಟ್ಟಿಕೊಂಡು ಭಾರತ ಬಿಡುವಾಗ ಬರೆದದ್ದು, ಅವರ ಹೆಸರಿನ ಬದಲು ಸೆಕ್ಸಿ ಸೇಡಿ ಅಂತ ಹಾಕಿದೆ ಅಂತ ಎರಡು ಮಾತಿನಲ್ಲಿ ಮುಗಿಸುತ್ತಾನೆ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಓದಿದ್ದಕ್ಕೆ ಇದು ಕಂಡಿತು. ತಾರೀಕು ಇಲ್ಲದ ಸಿ.ಡಿ.ಯಲ್ಲಿ ಇದನ್ನು ಹುಡುಕಿ ನೋಡೋಣ!

ಇದರಲ್ಲಿ ಇರುವುದೆಲ್ಲ ನಿಜ ಅಂದುಕೊಳ್ಳಬೇಡಿ. 'ಎಲಿನರ್ ರಿಗ್ಬಿ'ಯಲ್ಲಿ ಮೊದಲ ಚರಣ ಪಾಲ್‌ದು, ಉಳಿದದ್ದು ಹೆಚ್ಚುಕಡಿಮೆ ತನ್ನದು ಅನ್ನುತ್ತಾನೆ. ಮೆಕಾರ್ಟ್ನಿ ಅದನ್ನು ಒಪ್ಪಿಲ್ಲ. 'ಇನ್ ಮೈ ಲೈಫ್' ರಾಗ ಯಾರದು ಅನ್ನುವುದರಲ್ಲೂ ಇಬ್ಬರ ಲೆಕ್ಕ ಬೇರೆ ಬೇರೆ. ಒಬ್ಬನ ಕಡೆಯ ಪಹಣಿ ಮಾತ್ರ ನೋಡುತ್ತಿದ್ದೇವೆ ಅಂತ ನೆನಪಿಟ್ಟುಕೊಂಡು ಓದಬೇಕು.

ನನಗೆ ತುಂಬ ಹಿಡಿಸಿದ್ದು ಹಾಡಿನ ಭಾಗವೂ ಅಲ್ಲ, ಬ್ರೆಡ್ಡಿನ ಭಾಗ. ರೆಕಾರ್ಡ್ ಮಾಡುವುದು ಬಿಟ್ಟು ಮನೆಯಲ್ಲಿದ್ದ ಐದು ವರ್ಷ ಏನು ಮಾಡುತ್ತಿದ್ದೆ ಅಂದರೆ ಬ್ರೆಡ್ ಮಾಡುತ್ತಿದ್ದೆ, ಮಗು ನೋಡಿಕೊಳ್ಳುತ್ತಿದ್ದೆ ಅನ್ನುತ್ತಾನೆ. ಬ್ರೆಡ್ ಮಾಡಿ ಇಟ್ಟಾಗ ಏನೋ ಗೆದ್ದ ಹಾಗಾಯಿತಂತೆ. ಮನೆಯವರು ತಿಂದು ಮುಗಿಸುವುದನ್ನು ನೋಡುತ್ತಾ, ಇದಕ್ಕೊಂದು ಗೋಲ್ಡ್ ರೆಕಾರ್ಡ್ ಇಲ್ಲವಾ, ಬಿರುದು ಇಲ್ಲವಾ ಅನ್ನಿಸಿತಂತೆ. ಅಮ್ಮ ರೊಟ್ಟಿ ತಟ್ಟುತ್ತಿದ್ದಾಗ ಇದನ್ನು ಓದಿ ಹೇಳಿದೆ. "ಎಷ್ಟು ದಿನ ಮಾಡಿದ್ನಂತೆ?" ಅಂದರು. ಐದು ವರ್ಷ ಅಂದೆ. "ಓ, ಅಷ್ಟೇನಾ" ಅಂದು ಹಂಚಿನ ಮೇಲಿನ ರೊಟ್ಟಿ ಮಗುಚಿದರು.

ಬರೀ ಕೇಳುವವರಿಗೆ 1980ರ ಡಿಸೆಂಬರ್ 8ರ ಆರ್‌ಕೆಒ ರೇಡಿಯೊ ಸಂದರ್ಶನ ಇದೆ. ಖರ್ಚಿಲ್ಲ, ಆನ್‌ಲೈನಲ್ಲಿ ಸಿಗುತ್ತದೆ. ದನಿ ಎಷ್ಟು ಹತ್ತಿರ ಅಂದರೆ ಪಕ್ಕದ ಸೀಟಿನಲ್ಲಿ ಕೂತು ಮಾತಾಡಿದ ಹಾಗೆ. ಮೆಟ್ರೊದಲ್ಲಿ ಕೇಳುತ್ತಾ ಹೋದೆ. ಉತ್ಸಾಹದಲ್ಲಿದ್ದಾನೆ, ಎಪ್ಪತ್ತರ ದಶಕ ಬೇಜಾರಾಗಿತ್ತು, ಎಂಬತ್ತರದ್ದನ್ನು ಚೆನ್ನಾಗಿ ಮಾಡೋಣ ಅನ್ನುತ್ತಾನೆ. ಮಾತು ಮುಗಿದ ಮೇಲೆ ಆ ರೇಡಿಯೊದವರ ಕಾರಿನಲ್ಲೇ ಸ್ಟುಡಿಯೊಗೆ ಹೋದ. ಅವತ್ತೇ ರಾತ್ರಿ ವಾಪಸ್ ಬಂದಾಗ ಮನೆ ಬಾಗಿಲಲ್ಲಿ ಗುಂಡು ಬಿತ್ತು. ವೆನ್ನರ್‌ಗೆ ಮಾತಾಡಿ ಸರಿಯಾಗಿ ಹತ್ತು ವರ್ಷ. ಇದು ಗೊತ್ತಿದ್ದುಕೊಂಡು ಆ ನಗುವನ್ನು ಕೇಳುವುದು ನನ್ನ ಕೈಲಿ ಆಗಲಿಲ್ಲ. ಎರಡು ಸಲ ಅರ್ಧಕ್ಕೆ ನಿಲ್ಲಿಸಿದ್ದೇನೆ. ಲಿವರ್‌ಪೂಲಿನ ಉಚ್ಚಾರದಲ್ಲಿ ಅಷ್ಟು ವೇಗವಾಗಿ ಮಾತಾಡಿದರೆ ಗಾಡಿ ಸದ್ದಿನ ನಡುವೆ ಕಾಲು ಭಾಗ ಹಾರಿಹೋಗುತ್ತದೆ ಅನ್ನುವುದು ಇನ್ನೊಂದು. ಹಿಂದೆ ಎಳೆದರೆ ಆ ಜಾಗ ಸಿಗುವುದಿಲ್ಲ. ಪುಸ್ತಕದಲ್ಲಾದರೆ ಪೆನ್ಸಿಲ್ ಗೆರೆ ಸಾಕು.

ವಿಡಿಯೊಗಳಿಗೆ ಜಾಸ್ತಿ ಹೇಳುವುದಿಲ್ಲ. 1975ರ ಏಪ್ರಿಲಿನಲ್ಲಿ ಅಮೆರಿಕದ ಟಿ.ವಿ.ಯ ಟಾಮ್ ಸ್ನೈಡರ್ ಕಾರ್ಯಕ್ರಮದಲ್ಲಿ ಅವನ ಜೊತೆ ವಕೀಲರೂ ಬಂದು ಕೂರುತ್ತಾರೆ, ಅಮೆರಿಕ ಆಗ ಅವನನ್ನು ಹೊರಹಾಕಲು ನೋಡುತ್ತಿತ್ತು. ಅದೊಂದು ನೋಡಿ. ಮಕ್ಕಳಿಗಾದರೆ, 1969ರಲ್ಲಿ ಟೊರೊಂಟೊದ ಹೋಟೆಲ್ ಕೋಣೆಗೆ ನುಗ್ಗಿ 14 ವರ್ಷದ ಹುಡುಗನೊಬ್ಬ ಮಾಡಿದ ಸಂದರ್ಶನಕ್ಕೆ ಆಮೇಲೆ ಚಿತ್ರ ಬರೆದು ಪುಟ್ಟ ಅನಿಮೇಶನ್ ಮಾಡಿದ್ದಾರೆ, ಅದು. ಐದೇ ನಿಮಿಷ, ಆಸ್ಕರ್ ನಾಮಿನೇಶನ್ ತನಕ ಹೋಗಿತ್ತು.

ತಿಂಗಳಿಗೆ 500 ರೂಪಾಯಿ ಪುಸ್ತಕಕ್ಕೆ ಇಡುವ ನನ್ನಂಥವರಿಗೆ ಪ್ಲೇಬಾಯ್ ಪುಸ್ತಕ. 2000ದಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ಅಚ್ಚಾಗಿದೆ, ಅದಕ್ಕೆ ರಟ್ಟು ಹಾಕುವ ಕಷ್ಟವಿಲ್ಲ. ದಿನಾ ಗಾಡಿ ಓಡಿಸುವವರು, ಇಂಗ್ಲಿಷ್ ಕಿವಿ ಚುರುಕಿರುವವರು ರೇಡಿಯೊ ಟೇಪ್ ಕೇಳಿ. ಜಗಳ ಇಷ್ಟವಿದ್ದರೆ 1970ರದ್ದು. ಸಿ.ಡಿ. ಈಗ ಬಾಲ್ಕನಿಯಲ್ಲಿ ದಾರಕ್ಕೆ ನೇತಾಡುತ್ತಿದೆ. ಪಾರಿವಾಳಗಳು ಎರಡು ದಿನ ಹೆದರಿದವು, ಮೂರನೆಯ ದಿನ ಅದರ ಪಕ್ಕದಲ್ಲೇ ಕೂತವು.

ಗೆಳೆಯ ರೋಲಿಂಗ್ ಸ್ಟೋನ್ ಪುಸ್ತಕ ವಾಪಸ್ ಕೇಳುತ್ತಿದ್ದಾನೆ. ಕೇಳಿದರೆ ಕೊಡುತ್ತೇನೆ ಅಂತ ಮೇಲೆ ಬರೆದಿದ್ದು ನಿಜ. ಇನ್ನೊಂದು ವಾರ ಇರಲಿ ಅಂದಿದ್ದೇನೆ. ಆ ಮಹರ್ಷಿಯ ಭಾಗ ಇನ್ನೊಂದು ಸಲ ಓದಬೇಕು.