ರಕ್ತ ಕಮ್ಮಿ ಇದ್ದಾಗ: ಓಕ್ಯೂ, ಊಟ, ಮಾತ್ರೆ

ಟೋಕಿಯೊಗೆ ಬಂದ ಎರಡನೇ ವರ್ಷ. ಸ್ಟೇಷನ್ ಮೆಟ್ಟಿಲು ಹತ್ತಿದರೆ ಸಾಕು, ಎದೆ ಡವಡವ. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.2, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) 5. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿದ್ದದ್ದೇ ಕಾರಣ. ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆ ವಾರ ನುಂಗಿದೆ. ಹೊಟ್ಟೆ ತೊಳಸಿತು, ನಿಲ್ಲಿಸಿಬಿಟ್ಟೆ.

ಆಗ ಪಕ್ಕದ ಮನೆ ಅಜ್ಜಿ ಹೇಳಿದ್ದು ಓಕ್ಯೂ, ಅಂದರೆ ಮೋಕ್ಸಾ. ಯೊಮೊಗಿ ಎಲೆ ಒಣಗಿಸಿ, ಕುಟ್ಟಿ, ಉಳಿದ ನವಿರನ್ನು ಮೈಮೇಲೆ ಉರಿಸುವುದು. ಯೊಮೊಗಿ ನಮ್ಮ ಮಾಚಿಪತ್ರೆಯ ಬಳಗದ್ದು. ಪೊಟ್ಟಣ ಬಿಚ್ಚಿದಾಗ ಗಣೇಶನ ಹಬ್ಬ ನೆನಪಾಯಿತು. ಔಷಧಿ ಅಂಗಡಿಯಲ್ಲಿ ಅಂಟಿಸಿಕೊಳ್ಳುವ ರೆಡಿ ಮೋಕ್ಸಾ ಸಿಗುತ್ತದೆ, ಹೆಸರು ಸೆನ್ನೆನ್‌ಕ್ಯೂ. ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ ಇಡಬೇಕು.

ಆರು ವಾರ ಇಟ್ಟೆ. ಕಾಲು ಬೆಚ್ಚಗಾಗಿ ಒಳ್ಳೆ ನಿದ್ದೆ ಬಂತು, ಸುಳ್ಳು ಹೇಳಲ್ಲ. ಒಮ್ಮೆ ಉರಿ ತಡೆದುಕೊಂಡು ಕೂತು ಬೊಬ್ಬೆಯೂ ಬಂತು. ಹಿಮೋಗ್ಲೋಬಿನ್? 9.1. ಹೊಗೆಯಿಂದ ಮೈಗೆ ಕಬ್ಬಿಣ ಇಳಿಯಲ್ಲ ಅಲ್ವಾ!

ಆಮೇಲೆ ಊಟ. ಇಲ್ಲಿ ರಕ್ತ ಕಮ್ಮಿ ಅಂದರೆ ಎಲ್ಲರೂ ಹೇಳುವುದು ಹಿಜಿಕಿ, ಕಪ್ಪು ಕಡಲ ಪಾಚಿ. ಒಣಗಿದ 100 ಗ್ರಾಂನಲ್ಲಿ 55 ಮಿಲಿಗ್ರಾಂ ಕಬ್ಬಿಣ ಅಂತ ಜಪಾನಿನ ಆಹಾರ ಪಟ್ಟಿಯಲ್ಲೇ ಇತ್ತು. 2015ರಲ್ಲಿ ಅದನ್ನು ತಿದ್ದಿದರು. ಸ್ಟೀಲ್ ಪಾತ್ರೆಯಲ್ಲಿ ಬೇಯಿಸಿದ್ದಾದರೆ 6.2, ಕಬ್ಬಿಣದ ಪಾತ್ರೆಯದ್ದಾದರೆ 58.2! ಕಬ್ಬಿಣ ಪಾಚಿಯದ್ದಲ್ಲ, ಪಾತ್ರೆಯದ್ದು. ಇದನ್ನು ಓದಿದ ದಿನವೇ ಊರಿಂದ ತಂದ ಬಾಣಲೆಯ ತುಕ್ಕು ಉಜ್ಜಿದೆ. ಹುಣಸೆಹುಳಿ ಹಾಕಿದ ಸೊಪ್ಪಿನ ಹುಳಿ ಅದರಲ್ಲಿ ಕಪ್ಪಗಾಗುತ್ತದೆ, ಗಂಡ ಮುಖ ಸಿಂಡರಿಸಿದ. ಬೇಯಿಸಿದ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿದರೆ ತಿನ್ನಬಹುದು. ಕೊಮಾತ್ಸುನಾ ಸೊಪ್ಪಿಗೆ ಮೇಲಿಂದ ನಿಂಬೆರಸ, ಸಿ ವಿಟಮಿನ್ ಇದ್ದರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಕಷ್ಟವಾಗಿದ್ದು ಕಬ್ಬಿಣ ಹಿಡಿಯಲು ಅಡ್ಡಿ ಮಾಡುವ ತಿಂಡಿ ಜೊತೆಯ ಕಾಫಿ ಬಿಡುವುದು. ಎರಡು ತಿಂಗಳಿಗೆ 9.6. ಮೀನು, ಮಾಂಸ ತಿನ್ನುವವರಿಗೆ ಇನ್ನೂ ಬೇಗ ಏರುತ್ತಿತ್ತೇನೋ, ನಾನು ತಿನ್ನಲ್ಲ.

ಕೊನೆಗೆ ನಾಚಿಕೆ ಬಿಟ್ಟು ಮತ್ತೆ ಡಾಕ್ಟರ್ ಹತ್ತಿರ ಹೋದೆ. ಮಾತ್ರೆ ದಿನಾ ಬೇಡ, ದಿನ ಬಿಟ್ಟು ದಿನ ತಗೊಳ್ಳಿ ಅಂದರು. ಹೊಟ್ಟೆ ಸುಮ್ಮನಾಯಿತು. ಮಲ ಕಪ್ಪಗಾಯಿತು, ಅದು ಮಾಮೂಲಿಯಂತೆ. ತಿಂಗಳಿಗೆ 10.7, ಮೂರು ತಿಂಗಳಿಗೆ 12.3. ಮೊದಲೇ ಹೋಗಿ ಕೇಳಿದ್ದರೆ ಮೂರೂವರೆ ತಿಂಗಳು ಉಳಿಯುತ್ತಿತ್ತು.

ಫೆರಿಟಿನ್ ಇನ್ನೂ 16, ಹಾಗಾಗಿ ಮಾತ್ರೆ ನಡೆಯುತ್ತಿದೆ. ಬಾಣಲೆಯೂ ಒಲೆ ಮೇಲಿದೆ. ಚಳಿ ರಾತ್ರಿಗಳಲ್ಲಿ ಕಾಲಿಗೊಂದು ಸೆನ್ನೆನ್‌ಕ್ಯೂ ಅಂಟಿಸುತ್ತೇನೆ. ಅದರಿಂದಲೇ ಚೇತರಿಸಿಕೊಂಡೆ ಅಂತ ಅಜ್ಜಿ ಅಂದುಕೊಂಡಿದ್ದಾರೆ.