ಟ್ರೊಮ್ಸೊ, ಲಾಂಗ್‌ಇಯರ್‌ಬಿಯೆನ್: ನೆಲೆಸಲು ಯಾವುದು?

ಎರಡೂ ನಾರ್ವೆಯ ತೀರಾ ಉತ್ತರದ ಊರುಗಳು. ಎರಡರಲ್ಲೂ ಸೂರ್ಯ ಕಾಣದ ಚಳಿಗಾಲ.

ಸ್ವಾಲ್ಬಾರ್ಡ್ ದ್ವೀಪಗಳ ಲಾಂಗ್‌ಇಯರ್‌ಬಿಯೆನ್‌ನಲ್ಲಿ ಇರಲು ವೀಸಾ ಬೇಡ. ಹಲವು ದೇಶಗಳು ಸಹಿ ಹಾಕಿದ 1920ರ ಸ್ವಾಲ್ಬಾರ್ಡ್ ಒಪ್ಪಂದದ ಫಲ ಅದು. (ನಾರ್ವೆಯ ಮುಖ್ಯ ಭೂಭಾಗ ದಾಟಿ ಹೋಗಲು ನಮ್ಮವರಿಗೆ, ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗನ್ ವೀಸಾ ಬೇಕೇ ಬೇಕು.) ಆದರೆ ದುಡಿಮೆ ನಿಂತರೆ ಸರ್ಕಾರದ ಆಸರೆ ಇಲ್ಲ. ಹೆರಿಗೆಗೂ ಸಮುದ್ರ ದಾಟಬೇಕು. 2015ರ ಡಿಸೆಂಬರ್‌ನಲ್ಲಿ ಹಿಮ ಕುಸಿದು ಮನೆಗಳು ಸರಿದಾಗ ಊರವರೇ ಸನಿಕೆ ಹಿಡಿದು ಓಡಿಬಂದರು. ಅಂಥ ಒಗ್ಗಟ್ಟು ದೊಡ್ಡದು. ಆದರೂ ಜಾಸ್ತಿ ಜನ ಕೆಲವೇ ವರ್ಷ ಇದ್ದು ಹೊರಡುತ್ತಾರೆ. ನಂಟು ಬೇರೂರುವುದು ಕಷ್ಟ ಅಲ್ವಾ?

ಟ್ರೊಮ್ಸೊದಲ್ಲಿ ನೆಲೆಸಲು ಪರವಾನಗಿ ಬೇಕು. ಆದರೆ ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆ ಎರಡೂ ಊರಲ್ಲೇ ಇವೆ. ಮಕ್ಕಳಿದ್ದರೆ ಇದನ್ನೇ ಆರಿಸಿ. ಒಬ್ಬರೇ ಇದ್ದು, ಕೆಲಸ ಖಚಿತವಾಗಿದ್ದರೆ ಸ್ವಾಲ್ಬಾರ್ಡ್‌ಗೆ ಧೈರ್ಯವಾಗಿ ಹೋಗಿ.